ಟೊಳ್ಳು ಎರಕಕ್ಕೆ ಯಾವ ಅಚ್ಚು? ಮರಳು, ಮಣ್ಣು, ಲೋಹ ಮತ್ತು ಯಾರೂ ಕೇಳದ ನಾಲ್ಕನೇ ಪ್ರಶ್ನೆ

ಸಂಡೂರು ಅಂದರೆ ಅದಿರು ಅಂತ ಎಲ್ಲರಿಗೂ ಗೊತ್ತು. ಆದರೆ ಅದಿರು ಕರಗಿ ಕಬ್ಬಿಣವಾದ ಮೇಲೆ ಅದಕ್ಕೊಂದು ರೂಪ ಬರಬೇಕಾದರೆ ಅಚ್ಚು ಬೇಕು. ಆ ಅಚ್ಚಿನ ಬಗ್ಗೆ ನಮ್ಮ ಭಾಗದಲ್ಲಿ ಮಾತೇ ಕಡಿಮೆ. ಹೊಸಪೇಟೆಯಿಂದ ಕೊಪ್ಪಳದ ಕಡೆ ಹೊರಟರೆ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಸಿಗುತ್ತದೆ. ಅಲ್ಲಿ ಬೀಡು ಕಬ್ಬಿಣದ ಜೊತೆಗೆ ಟ್ರ್ಯಾಕ್ಟರ್ ಎಂಜಿನ್ ಬ್ಲಾಕ್‌ನಂಥ ಎರಕಗಳೂ ತಯಾರಾಗುತ್ತವೆ. ಎಂಜಿನ್ ಬ್ಲಾಕ್ ಹೊರಗಿನಿಂದ ನೋಡಲು ಗಟ್ಟಿ ಉಂಡೆ, ಒಳಗೆ ಬರೀ ಟೊಳ್ಳು: ಪಿಸ್ಟನ್ ಓಡಾಡುವ ಜಾಗ, ನೀರು ಹರಿಯುವ ದಾರಿ.

ಗಟ್ಟಿ ವಸ್ತು ಎರೆಯುವುದು ಸುಲಭ. ಹೊರ ಆಕಾರದ ಗುಳಿ ಮಾಡಿ, ಕರಗಿದ ಲೋಹ ಸುರಿದರಾಯಿತು. ಟೊಳ್ಳು ಬೇಕೆಂದರೆ ಗುಳಿಯ ನಡುವೆ ಇನ್ನೊಂದು ತುಂಡು ಇಡಬೇಕು. ಅದೇ ಕೋರ್, ಅಂದರೆ ತಿರುಳು. ಲೋಹ ಅದರ ಸುತ್ತ ಗಟ್ಟಿಯಾಗುತ್ತದೆ, ಆಮೇಲೆ ತಿರುಳು ಹೊರಬರಬೇಕು. ಕಷ್ಟ ಶುರುವಾಗೋದೇ ಇಲ್ಲಿಂದ.

ಮೂರು ಪ್ರಶ್ನೆಗಳು

ಅಚ್ಚಿನ ವಸ್ತು ಆರಿಸುವಾಗ ಎಂಜಿನಿಯರುಗಳು ಮುಖ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ.

ಒಂದು, ಯಾವ ಲೋಹ? ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸೀಸ 327ರಲ್ಲಿ, ಸತು 420ರಲ್ಲಿ, ಅಲ್ಯೂಮಿನಿಯಂ 660ರಲ್ಲಿ. ಹಿತ್ತಾಳೆಗೆ ಸುಮಾರು 900ರಿಂದ 950 ಬೇಕು. ಬೀಡು ಕಬ್ಬಿಣವನ್ನು ಸುರಿಯುವುದು 1300 ಡಿಗ್ರಿಗೂ ಮೇಲೆ. ಅಚ್ಚು ಇದನ್ನು ತಡೆಯಬೇಕು.

ಎರಡು, ಎಷ್ಟು ತುಂಡು ಬೇಕು? ಒಂದೇ ಒಂದು ಗಂಟೆಯೋ, ದಿನಕ್ಕೆ ಸಾವಿರ ಬಿಡಿಭಾಗವೋ?

ಮೂರು, ತಿರುಳು ಹೇಗೆ ಹೊರಬರುತ್ತದೆ? ನೇರ ಟೊಳ್ಳಾದರೆ ಎಳೆದು ತೆಗೆಯಬಹುದು. ಒಳಗೆ ತಿರುವು ಮುರುವು ಇದ್ದರೆ ತಿರುಳು ಪುಡಿಯಾಗಿಯೇ ಹೊರಬರಬೇಕು.

ಮರಳು

ಕಬ್ಬಿಣಕ್ಕೆ ಮೊದಲ ಆಯ್ಕೆ ಇವತ್ತಿಗೂ ಮರಳೇ. ಸಿಲಿಕಾ ಕರಗಲು 1700 ಡಿಗ್ರಿಯ ಆಸುಪಾಸು ಬೇಕು, ಬೆಲೆ ಕಡಿಮೆ, ಮತ್ತೆ ಮತ್ತೆ ಬಳಸಬಹುದು. ಸಿಲಿಕಾ ಮರಳಿಗೆ ಬೆಂಟೊನೈಟ್ ಜೇಡಿ, ಸ್ವಲ್ಪ ನೀರು, ಕಬ್ಬಿಣಕ್ಕಾದರೆ ಕಲ್ಲಿದ್ದಲಿನ ಪುಡಿ ಬೆರೆಸಿದರೆ ಅದೇ ಗ್ರೀನ್ ಸ್ಯಾಂಡ್. ಹೆಸರು ಹಸಿರಾದರೂ ಬಣ್ಣ ಕಪ್ಪು. ಇಲ್ಲಿ ಗ್ರೀನ್ ಅಂದರೆ ಹಸಿ, ಸುಡದ ಮರಳು ಅಂತ. ಹೊಳೆ ಮರಳನ್ನು ನೇರ ತಂದು ಹಾಕಿದರೆ ಆಗದು. ಕಣದ ಗಾತ್ರ ಸಮನಾಗಿರಬೇಕು, ಮಣ್ಣು ತೊಳೆದಿರಬೇಕು. ಕಣಗಳ ನಡುವೆ ಗಾಳಿ ಆಡದಿದ್ದರೆ ಅನಿಲ ಸಿಕ್ಕಿಕೊಂಡು ಎರಕದಲ್ಲಿ ತೂತು ಬೀಳುತ್ತದೆ.

ಸಿಲಿಕಾಕ್ಕೆ ಇನ್ನೊಂದು ದೋಷವಿದೆ. 573 ಡಿಗ್ರಿಯಲ್ಲಿ ಅದರ ಹರಳಿನ ರಚನೆ ಬದಲಾಗಿ ಥಟ್ಟನೆ ಹಿಗ್ಗುತ್ತದೆ, ಅಚ್ಚಿನ ಮೈ ಬಿರಿಯಬಹುದು. ಹೆಚ್ಚು ನಿಖರತೆ ಬೇಕಾದ ಕಡೆ ಕ್ರೋಮೈಟ್, ಜಿರ್ಕಾನ್ ಅಥವಾ ಆಲಿವೀನ್ ಮರಳು ಬಳಸುತ್ತಾರೆ. ಇವುಗಳ ಬೆಲೆ ಜಾಸ್ತಿ. ಎಂಜಿನ್ ಬ್ಲಾಕ್‌ನ ತಿರುಳೂ ಮರಳಿನದ್ದೇ, ಆದರೆ ರಾಳದಿಂದ ಅಂಟಿಸಿದ್ದು. ಲೋಹದ ಬಿಸಿಗೆ ರಾಳ ಸುಟ್ಟು, ಮರಳು ಸಡಿಲವಾಗಿ ಉದುರುತ್ತದೆ. ಮೂರನೇ ಪ್ರಶ್ನೆಗೆ ಇದು ಸೊಗಸಾದ ಉತ್ತರ.

ಮಣ್ಣು ಮತ್ತು ಮೇಣ

ಲೋಹದ ಕೆಲಸಕ್ಕೆಲ್ಲ ಎರಕವೇ ಬೇಕಂತಿಲ್ಲ. ಹಂಪಿಯ ಅರಸರ ವರಹಗಳು ಎರೆದವಲ್ಲ, ಟಂಕಿಸಿದವು. ಆದರೆ ಮೂರ್ತಿ, ಗಂಟೆಗಳಿಗೆ ಎರಕವೇ ದಾರಿ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮೇಣದ ಎರಕದ ವಿವರವಿದೆ: ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ, ಆ ಖಾಲಿ ಜಾಗಕ್ಕೆ ಲೋಹ ಸುರಿಯುವುದು. ಟೊಳ್ಳು ಬೇಕಾದರೆ ಮೊದಲು ಮಣ್ಣಿನ ತಿರುಳು ಮಾಡಿ ಅದರ ಮೇಲೆ ಮೇಣ ಹಚ್ಚುತ್ತಾರೆ. ಸೂಕ್ಷ್ಮ ಕೆತ್ತನೆಗೆ ಇದನ್ನು ಮೀರಿಸಿದ್ದು ಇಲ್ಲ. ಆದರೆ ಒಂದು ಅಚ್ಚಿಗೆ ಒಂದೇ ಮೂರ್ತಿ.

ಆ ಮಣ್ಣಿಗೆ ಸುಟ್ಟ ಹೊಟ್ಟು ಬೆರೆಸುವ ಪದ್ಧತಿ ಹಳೆಯದು. ಹೊಟ್ಟು ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರ ಉಳಿಸುತ್ತದೆ, ಅನಿಲಕ್ಕೆ ದಾರಿಯಾಗುತ್ತದೆ. ಕಂಪ್ಲಿಯಂಥ ಭತ್ತದ ಊರಿನಲ್ಲಿ ಹೊಟ್ಟಿಗೇನು ಬರ? ಅದರ ಬೂದಿಯನ್ನು ಉಕ್ಕಿನ ಉದ್ಯಮದಲ್ಲೂ ಕರಗಿದ ಲೋಹದ ಮೇಲೆ ಹೊದಿಕೆಯಾಗಿ ಹಾಕುತ್ತಾರೆ, ಬಿಸಿ ಆರದಿರಲಿ ಅಂತ.

ಲೋಹದ ಅಚ್ಚು, ಪ್ಲಾಸ್ಟರ್

ಅಲ್ಯೂಮಿನಿಯಂ, ಸತುವಿನ ಸಾವಿರಾರು ತುಂಡು ಬೇಕಿದ್ದರೆ ಬೀಡು ಕಬ್ಬಿಣದ ಅಥವಾ ಉಕ್ಕಿನ ಡೈ ಲಾಭ. ಮೊದಲ ಖರ್ಚು ದೊಡ್ಡದು, ಆಮೇಲೆ ಪ್ರತಿ ತುಂಡೂ ಅಗ್ಗ, ಮೈ ನಯ. ಆದರೆ ಲೋಹದ ಅಚ್ಚಿಗೆ ಉಸಿರಾಟವಿಲ್ಲ. ಗಾಳಿ ಹೋಗಲು ಗೀರು ಕೊಡಬೇಕು. ಲೋಹ ತಣ್ಣಗಾಗುತ್ತಾ ಕುಗ್ಗಿ ಉಕ್ಕಿನ ತಿರುಳನ್ನು ಬಿಗಿಯಾಗಿ ಹಿಡಿಯುತ್ತದೆ, ಹಾಗಾಗಿ ತಿರುಳಿಗೆ ಸ್ವಲ್ಪ ಇಳಿಜಾರು ಇರಲೇಬೇಕು. ಅಲಂಕಾರದ ಸಣ್ಣ ಕೆಲಸಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕು, ಆದರೆ ಅದು ಕಬ್ಬಿಣದ ಬಿಸಿಗೆ ನಿಲ್ಲುವುದಿಲ್ಲ. ಅದರ ಹರಳಿನಲ್ಲೇ ನೀರಿರುತ್ತದೆ. ಒಣಗಿದಂತೆ ಕಂಡರೂ ಒಲೆಯಲ್ಲಿ ಚೆನ್ನಾಗಿ ಸುಟ್ಟು ನೀರು ಓಡಿಸದೆ ಲೋಹ ಸುರಿಯಬಾರದು.

ಯಾಕೆಂದರೆ ನೀರು ಆವಿಯಾದಾಗ ಸುಮಾರು 1600 ಪಟ್ಟು ಜಾಗ ಬೇಡುತ್ತದೆ. ಒದ್ದೆ ಅಚ್ಚಿನೊಳಗೆ ಆ ಜಾಗ ಇಲ್ಲ. ಲೋಹ ಮೇಲಕ್ಕೆ ಸಿಡಿಯುತ್ತದೆ. ಎರಕದ ಮನೆಯ ಭೀಕರ ಅಪಘಾತಗಳಲ್ಲಿ ಇದೂ ಒಂದು.

ಮನೆಯಲ್ಲಿ ಸೀಸ? ಬೇಡ

ಸೀಸ ಅಡುಗೆ ಒಲೆಯ ಬಿಸಿಗೇ ಕರಗುತ್ತದೆ ಅನ್ನುವುದೇ ಅದರ ಅಪಾಯ. ಬಲೆಗೆ ಕಟ್ಟುವ ಗುಂಡು ಸಣ್ಣ ಕೆಲಸ ಅನಿಸಬಹುದು. ಆದರೆ ಕರಗಿದ ಸೀಸದ ಮೇಲೆ ಕಟ್ಟುವ ಬೂದುಬಣ್ಣದ ಕೆನೆ ಒಣಗಿ ಪುಡಿಯಾಗಿ ನೆಲ, ಬಟ್ಟೆ, ಕೈ ಸೇರುತ್ತದೆ, ಅಲ್ಲಿಂದ ಅಂಬೆಗಾಲಿಡುವ ಮಗುವಿನ ಬಾಯಿ. ರಕ್ತದಲ್ಲಿ ಸೀಸ ಇಷ್ಟಿದ್ದರೆ ಪರವಾಗಿಲ್ಲ ಅನ್ನುವಂಥ ಸುರಕ್ಷಿತ ಮಟ್ಟ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವುದಂತೂ ಇನ್ನೂ ಕೆಟ್ಟದ್ದು. ಅದರಲ್ಲಿ ಆಮ್ಲವೂ ಇದೆ. ಯಾವ ಅಚ್ಚು ಆರಿಸಿದರೂ ಈ ಅಪಾಯ ಹೋಗುವುದಿಲ್ಲ.

ನಾಲ್ಕನೇ ಪ್ರಶ್ನೆ

ಈಗ ಯಾರೂ ಕೇಳದ ಪ್ರಶ್ನೆಗೆ ಬರೋಣ: ಕೆಲಸ ಮುಗಿದ ಮೇಲೆ ಅಚ್ಚು ಎಲ್ಲಿಗೆ ಹೋಗುತ್ತದೆ?

ಲೋಹದ ಡೈ ಕಪಾಟಿಗೆ ಹೋಗುತ್ತದೆ. ಮರಳಿನ ಅಚ್ಚಿನ ಒಂದು ಪಾಲು ಮಾತ್ರ ಕಾರ್ಮಿಕನ ಎದೆಗೆ ಹೋಗಬಹುದು. ಮರಳು ಒದ್ದೆ ಇದ್ದಾಗ ದೂಳು ಕಡಿಮೆ. ಅಚ್ಚು ಒಡೆದು ಎರಕ ಹೊರತೆಗೆಯುವಾಗ, ಉಜ್ಜಿ ನುಣುಪು ಮಾಡುವಾಗ ಅದು ಸುಟ್ಟು ಒಣಗಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣ ಶ್ವಾಸಕೋಶದ ಆಳಕ್ಕಿಳಿದು ಗಾಯದ ಗಂಟು ಕಟ್ಟುತ್ತದೆ. ಅದೇ ಸಿಲಿಕೋಸಿಸ್. ವಾಸಿಯಾಗದ ಕಾಯಿಲೆ. ಕ್ಷಯದ ಅಪಾಯ ಹೆಚ್ಚಿಸುತ್ತದೆ, ಎಷ್ಟೋ ಸಲ ಕ್ಷಯವೆಂದೇ ತಪ್ಪು ತಿಳಿಯಲಾಗುತ್ತದೆ. ಹರಳು ರೂಪದ ಸಿಲಿಕಾ ಕ್ಯಾನ್ಸರ್‌ಕಾರಕ ಅನ್ನುವುದೂ ಖಚಿತವಾಗಿದೆ. ಮೂಗಿಗೆ ಕಟ್ಟಿದ ಟವೆಲ್ ಇದನ್ನು ತಡೆಯದು. ಹೆಚ್ಚು ಬಿಸಿಯಲ್ಲಿ ಸುಟ್ಟ ಹೊಟ್ಟಿನ ಬೂದಿಯಲ್ಲೂ ಇದೇ ಹರಳು ಸಿಲಿಕಾ ಇರಬಹುದು, ನೆನಪಿರಲಿ.

1948ರ ಕಾರ್ಖಾನೆ ಕಾಯ್ದೆ ಫೌಂಡ್ರಿಗಳನ್ನು ಅಪಾಯಕಾರಿ ಪ್ರಕ್ರಿಯೆಗಳ ಪಟ್ಟಿಯಲ್ಲಿಟ್ಟಿತ್ತು. ಸಿಲಿಕೋಸಿಸ್ ಮತ್ತು ಸೀಸದ ವಿಷಬಾಧೆ ಕಂಡರೆ ಸರ್ಕಾರಕ್ಕೆ ತಿಳಿಸಬೇಕು ಎಂದಿತ್ತು. ವಿದ್ಯುತ್ ಬಳಸುವ ಕಡೆ 10 ಕಾರ್ಮಿಕರಿದ್ದರೆ ಅದು ಕಾರ್ಖಾನೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ದೊಡ್ಡ ಕಾರ್ಖಾನೆಗೆ ಇದರಿಂದ ವ್ಯತ್ಯಾಸವಿಲ್ಲ. ಹನ್ನೆರಡು ಜನರ ಸಣ್ಣ ಎರಕದ ಶೆಡ್‌ಗೆ ಇದೆ. ಅಪಾಯಕಾರಿ ಕೆಲಸ ಇರುವ ಕಡೆ ಸಂಖ್ಯೆ ನೋಡದೆ ಸಂಹಿತೆಯನ್ನು ಅನ್ವಯಿಸಲು ಸರ್ಕಾರಕ್ಕೆ ದಾರಿಯಿದೆ. ಸಣ್ಣ ಫೌಂಡ್ರಿಗಳಿಗೆ ಅದನ್ನು ಬಳಸಬೇಕು.

ಮಾಲೀಕರು ಮಾಡಬಹುದಾದ್ದೂ ಇದೆ. ಒಣ ಮರಳು ಗುಡಿಸುವ ಬದಲು ನೀರು ಚಿಮುಕಿಸುವುದು, ಗಾಳಿ ಪೈಪಿನಿಂದ ದೂಳು ಊದದಿರುವುದು, ಅಚ್ಚು ಒಡೆಯುವ ಜಾಗದಲ್ಲೇ ದೂಳು ಹೀರುವ ಯಂತ್ರ ಇಡುವುದು, ಸರಿಯಾದ ಮಾಸ್ಕ್, ನಿಯಮಿತ ಎದೆಯ ಎಕ್ಸ್‌ರೇ. ಸಾಧ್ಯವಿದ್ದ ಕಡೆ ಆಲಿವೀನ್‌ನಂಥ, ಹರಳು ಸಿಲಿಕಾ ಅತಿ ಕಡಿಮೆ ಇರುವ ಮರಳು.

ಸಿಲಿಕಾ ಮರಳು ಅಗ್ಗ ಅನ್ನುತ್ತೇವೆ. ಆ ಅಗ್ಗದ ಲೆಕ್ಕದಲ್ಲಿ ಎಕ್ಸ್‌ರೇಯ ಖರ್ಚೂ ಇಲ್ಲ, ಐವತ್ತಕ್ಕೇ ಏದುಸಿರು ಬಿಡುವವನ ಕೂಲಿಯೂ ಇಲ್ಲ. ಅವೆರಡನ್ನೂ ಸೇರಿಸಿ ಕೂಡಿಸಿದ ಮೇಲೆ ಅಚ್ಚು ಆರಿಸೋಣ.