ಒಂಟಿ ಜೀವಿಯ ಯುಗದಲ್ಲಿ ವಿನೊಗ್ರಾಡ್‌ಸ್ಕಿ

ಸೂಕ್ಷ್ಮಜೀವಿಶಾಸ್ತ್ರದ ಚರಿತ್ರೆಯನ್ನು ನಾವು ಹೆಚ್ಚಾಗಿ ಓದುವುದು ರೋಗಾಣು ಬೇಟೆಯ ಕಥೆಯಾಗಿ. ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದ ಮೇಲಂತೂ, ಜೀವಿಯೊಂದನ್ನು ಅರಿಯಬೇಕಾದರೆ ಅದನ್ನು ಉಳಿದವುಗಳಿಂದ ಬಿಡಿಸಿ ಒಂಟಿಯಾಗಿ ಸಾಕಬೇಕು ಎಂಬುದು ಪ್ರಯೋಗಾಲಯಗಳ ವೇದವಾಕ್ಯವಾಯಿತು. ವೈದ್ಯಕ್ಕೆ ಇದರಿಂದ ಆದ ಲಾಭ ಅಪಾರ. ಆದರೆ ಮಣ್ಣಿನಲ್ಲಿ, ಕೆಸರಿನಲ್ಲಿ ಈ ಜೀವಿಗಳು ಒಂದನ್ನೊಂದು ನೆಚ್ಚಿ ಬದುಕುವ ಬಗೆ ಆ ದಾರಿಯಲ್ಲಿ ಕಾಣಸಿಗುವಂಥದ್ದಲ್ಲ. ಅದಕ್ಕೊಂದು ಬೇರೆ ದಾರಿ ಕಡಿದವರಲ್ಲಿ ಮುಖ್ಯನಾದವನು, 1856ರಲ್ಲಿ ಕೀವ್‌ನಲ್ಲಿ ಹುಟ್ಟಿ, ಪಿಯಾನೊ ಕಲಿಕೆಯನ್ನು ಅರ್ಧಕ್ಕೆ ಬಿಟ್ಟು ವಿಜ್ಞಾನಕ್ಕೆ ಬಂದ ಸೆರ್ಗೈ ವಿನೊಗ್ರಾಡ್‌ಸ್ಕಿ.

1885ರಲ್ಲಿ ಸ್ಟ್ರಾಸ್‌ಬರ್ಗ್‌ನ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿಯ ಪ್ರಯೋಗಾಲಯ ಸೇರಿದ ಅವನು ಕೈಗೆತ್ತಿಕೊಂಡದ್ದು ಬೆಜಿಯಾಟೋವ ಎಂಬ ಎಳೆಯಂಥ ಬ್ಯಾಕ್ಟೀರಿಯಾವನ್ನು. ಅದನ್ನು ಶುದ್ಧವಾಗಿ ಬೆಳೆಸಲು ಅವನಿಗೆ ಆಗಲಿಲ್ಲ. ಅವನು ಕೆಲವು ಎಳೆಗಳನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಅವು ಹುಟ್ಟಿ ಬೆಳೆದ ಗಂಧಕದ ನೀರನ್ನೇ ಮತ್ತೆ ಮತ್ತೆ ಬದಲಿಸುತ್ತ ಸೂಕ್ಷ್ಮದರ್ಶಕದಡಿ ನೋಡುತ್ತ ಕುಳಿತ. ಹೈಡ್ರೋಜನ್ ಸಲ್ಫೈಡ್ ಇರುವಾಗ ಎಳೆಗಳ ಒಳಗೆ ಗಂಧಕದ ಹೊಳೆಯುವ ಕಣಗಳು ತುಂಬಿಕೊಂಡವು. ಅದನ್ನು ತಪ್ಪಿಸಿದಾಗ ಆ ಕಣಗಳು ಒಂದೆರಡು ದಿನಗಳಲ್ಲಿ ಕರಗಿಹೋದವು. ಗಂಧಕವನ್ನು ಉರಿಸಿಯೇ ಈ ಜೀವಿ ಬದುಕಿಗೆ ಶಕ್ತಿ ಪಡೆಯುತ್ತದೆ ಎಂದು 1887ರಲ್ಲಿ ಅವನು ಪ್ರಕಟಿಸಿದ. ಹೆಸರಾಂತ ಈ ಶೋಧ ನಿಂತದ್ದು ಶುದ್ಧತೆಯ ಮೇಲಲ್ಲ, ಜೀವಿಯ ನೆಲೆಯನ್ನು ಗಾಜಿನ ಮೇಲೆ ಉಳಿಸಿಕೊಂಡ ಜಾಣತನದ ಮೇಲೆ.

ಇದಕ್ಕೊಂದು ಆಕ್ಷೇಪ ಏಳುವುದು ಸಹಜ: ನೈಟ್ರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳನ್ನು ಅವನು ಬೇರ್ಪಡಿಸಿದ್ದು ಜ್ಯೂರಿಕ್‌ನಲ್ಲಿ, ಶುದ್ಧ ಸಾಕಣೆಯ ಹಟದಿಂದಲೇ ಅಲ್ಲವೇ? ಹೌದು. ಆದರೆ ಅಲ್ಲಿ ಕಾಖ್‌ನ ಸಾಕಣೆ ಮಾಧ್ಯಮವಾದ ಜೆಲಟಿನ್ ಕೈಕೊಟ್ಟಿತು. ಸಾವಯವ ಆಹಾರ ಬೇಡದ ಈ ಜೀವಿಗಳಿಗಾಗಿ ಅವನು ಸಿಲಿಕಾದ ಜೆಲ್ ಹೊಂದಿಸಬೇಕಾಯಿತು. ಸಿಕ್ಕ ಫಲಿತಾಂಶವೂ ಒಂಟಿ ಜೀವಿಯ ಕಥೆಯಲ್ಲ: ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡಿ ಬಿಟ್ಟರೆ, ಇನ್ನೊಂದು ಅದನ್ನೇ ಹಿಡಿದು ನೈಟ್ರೇಟ್ ಮಾಡುತ್ತದೆ. ಮುಂದೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುವ ಕ್ಲಾಸ್ಟ್ರಿಡಿಯಮ್ ಎಂಬ ಬ್ಯಾಕ್ಟೀರಿಯಾ ಸಿಕ್ಕಾಗ ವಿಷಯ ಇನ್ನೂ ಸ್ಪಷ್ಟವಾಯಿತು. ಆಮ್ಲಜನಕ ಅದಕ್ಕೆ ವಿಷ; ಗಾಳಿ ಆಡುವ ಸೀಸೆಯಲ್ಲಿ ಅದು ಉಳಿದದ್ದು ಜೊತೆಗಿದ್ದ ಬೇರೆ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಮುಗಿಸುತ್ತಿದ್ದುದರಿಂದ.

ಬೇಕಾದ ಜೀವಿಗೆ ಒಗ್ಗುವ ಆಹಾರ, ಪರಿಸರ ಕೊಟ್ಟು ಅದನ್ನೇ ಮೇಲೇಳಿಸುವ ಉಪಾಯದಲ್ಲಿ ಡೆಲ್ಫ್ಟ್‌ನ ಸೂಕ್ಷ್ಮಜೀವಿ ವಿಜ್ಞಾನಿ ಬೈಯೆರಿಂಕ್‌ನ ಪಾಲೂ ದೊಡ್ಡದೇ. ಪೂರ್ತಿ ಶ್ರೇಯಸ್ಸು ಒಬ್ಬನಿಗೇ ಕಟ್ಟಬೇಕಿಲ್ಲ. ವಿನೊಗ್ರಾಡ್‌ಸ್ಕಿಯ ವಿಶೇಷ ಇರುವುದು ಅವನ ಎರಡನೇ ಇನಿಂಗ್ಸ್‌ನಲ್ಲಿ. ಐವತ್ತರ ಅಂಚಿನಲ್ಲಿ ನಿವೃತ್ತನಾಗಿ, ರಷ್ಯಾದ ಕ್ರಾಂತಿಯ ಗದ್ದಲದಲ್ಲಿ ದೇಶ ಬಿಟ್ಟು, 1922ರಲ್ಲಿ ಪಾಸ್ಚರ್ ಸಂಸ್ಥೆ ಸೇರಿದವನು ಪ್ಯಾರಿಸ್ ಹತ್ತಿರದ ಬ್ರೀ-ಕೋಂತ್-ರೋಬೇರ್‌ನಲ್ಲಿ ಮತ್ತೆ ಮಣ್ಣಿಗೆ ಇಳಿದ. ಪ್ರಯೋಗಾಲಯದಲ್ಲಿ ಪೋಷಕಾಂಶ ತುಂಬಿದ ತಟ್ಟೆಯಲ್ಲಿ ಕೊಬ್ಬಿ ಬೆಳೆಯುವ ಜೀವಿಗಳು ಎಲೆ, ಗೊಬ್ಬರ ಬಿದ್ದಾಗ ಮಾತ್ರ ಎದ್ದು ಅಡಗುವಂಥವು. ಬಡ ಮಣ್ಣಿನಲ್ಲಿ ನಿಧಾನಕ್ಕೆ ಬದುಕುವ ಮೂಲ ನಿವಾಸಿಗಳೇ ಬೇರೆ ಎಂದು ವಾದಿಸಿದ. ಇದಕ್ಕಾಗಿ ಅವನು ಮಣ್ಣನ್ನೇ ನೇರವಾಗಿ ಸೂಕ್ಷ್ಮದರ್ಶಕದಡಿ ನೋಡಿದ. ಸೂಕ್ಷ್ಮದರ್ಶಕದಲ್ಲಿ ಆಕಾರ ಕಾಣಬಹುದು, ಕೆಲಸ ಕಾಣದು ಎಂಬ ಟೀಕೆ ನ್ಯಾಯವಾದದ್ದೇ. ಆದರೆ ಮಣ್ಣಿನಲ್ಲಿ ಎಣಿಕೆಗೆ ಸಿಗುವ ಜೀವಿಗಳಲ್ಲಿ ತಟ್ಟೆಯಲ್ಲಿ ಬೆಳೆಯುವವು ಅತ್ಯಲ್ಪ ಎಂಬುದು ಇಂದು ಎಲ್ಲರೂ ಒಪ್ಪಿದ ಸಂಗತಿ; ಆ ಅಂತರವನ್ನು ಗಂಭೀರವಾಗಿ ತೆಗೆದುಕೊಂಡ ಮೊದಲಿಗರಲ್ಲಿ ಅವನೊಬ್ಬ. ಆ ಕೆಲಸವೆಲ್ಲ ಮಣ್ಣಿನ ಸೂಕ್ಷ್ಮಜೀವಿಗಳ ಕುರಿತ ಫ್ರೆಂಚ್ ಗ್ರಂಥವಾಗಿ ಹೊರಬಂದದ್ದು 1949ರಲ್ಲಿ, ಅವನ ತೊಂಬತ್ತು ದಾಟಿದ ವಯಸ್ಸಿನಲ್ಲಿ.