ಬಿಗಿದರೆ ಸಾಲದು, ಬೀಗವೂ ಬೇಕು: ವಿಮಾನದ ತಂತಿ ಹಿಡಿದ ಟರ್ನ್‌ಬಕಲ್‌ನ ಕಥೆ

ರೈಲಿನ ಹಳೆಯ ನೀಲಿ ಬೋಗಿಗಳ ನಡುವಿನ ಕೊಂಡಿಯನ್ನು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಎಂದಾದರೂ ಗಮನಿಸಿದ್ದೀರಾ? ಎರಡು ಕಡೆಯ ಕೊಕ್ಕೆಗಳ ನಡುವೆ ಅಲ್ಲಿ ಒಂದು ದಪ್ಪ ತಿರುಪು ಇರುತ್ತದೆ. ಅದರ ಅರ್ಧ ಭಾಗದ ಗೆರೆಗಳು ಬಲಕ್ಕೆ ಸುತ್ತಿದ್ದರೆ ಉಳಿದರ್ಧದ ಗೆರೆಗಳು ಎಡಕ್ಕೆ ಸುತ್ತಿರುತ್ತವೆ. ನಡುವಿನ ಹಿಡಿಯನ್ನು ತಿರುಗಿಸಿದರೆ ಎರಡೂ ಬೋಗಿಗಳು ಹತ್ತಿರ ಬಂದು ಕೊಂಡಿ ಬಿಗಿಯಾಗುತ್ತದೆ. ಹಿಮ್ಮುಖವಾಗಿ ತಿರುಗಿಸಿದರೆ ಸಡಿಲಾಗುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲ್ವೆಯ ಹೆನ್ರಿ ಬೂತ್ ಎಂಬವರು 1830ರ ದಶಕದಲ್ಲಿ ರೂಪಿಸಿದ ಕೊಂಡಿ ಇದು.

ಇದೇ ಉಪಾಯವನ್ನು ಬೆರಳುದ್ದಕ್ಕೆ ಇಳಿಸಿದರೆ ಸಿಗುವ ವಸ್ತುವೇ ಟರ್ನ್‌ಬಕಲ್. ವಿಮಾನದ ಇತಿಹಾಸ ಬರೆಯುವವರು ಎಂಜಿನ್ ಬಗ್ಗೆ, ರೆಕ್ಕೆಯ ಬಗ್ಗೆ, ಧೈರ್ಯಶಾಲಿ ಚಾಲಕರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಆ ರೆಕ್ಕೆಗಳನ್ನು ಹಿಡಿದು ನಿಲ್ಲಿಸಿದ ತಂತಿಗಳ ಬಗ್ಗೆ, ತಂತಿಯನ್ನು ಬಿಗಿದ ಈ ಪುಟ್ಟ ತಿರುಪಿನ ಬಗ್ಗೆ ಹೇಳುವವರು ಕಡಿಮೆ. ತಂತಿಯನ್ನು ಬಿಗಿಯುವುದು ಹೇಗೆಂದು ಮನುಷ್ಯನಿಗೆ ಮೊದಲೇ ಗೊತ್ತಿತ್ತು. ಬಿಗಿದದ್ದು ಆಕಾಶದಲ್ಲೂ ಬಿಗಿಯಾಗಿಯೇ ಉಳಿಯುವಂತೆ ಮಾಡುವುದನ್ನು ಮಾತ್ರ ಅವನು ಜೀವ ತೆತ್ತು ಕಲಿಯಬೇಕಾಯಿತು.

ಟರ್ನ್‌ಬಕಲ್ ಎಂದರೇನು?

ಒಂದು ಟೊಳ್ಳು ಕೊಳವೆ, ಅದರ ಎರಡು ತುದಿಗಳಿಗೆ ಎರಡು ತಿರುಪುಗಳು. ಒಂದು ತಿರುಪು ಎಡಗೆರೆಯದು, ಇನ್ನೊಂದು ಬಲಗೆರೆಯದು. ತಿರುಪುಗಳ ಹೊರತುದಿಯಲ್ಲಿ ಉಂಗುರವೋ ಕವಲು ಕೊಕ್ಕೆಯೋ ಇದ್ದು, ಅದಕ್ಕೆ ತಂತಿಯನ್ನು ಸಿಕ್ಕಿಸುತ್ತಾರೆ. ಕೊಳವೆಯನ್ನು ಒಂದು ಸುತ್ತು ತಿರುಗಿಸಿದರೆ ಎರಡೂ ತಿರುಪುಗಳು ಒಂದೊಂದು ಗೆರೆಯಷ್ಟು ಒಳಗೆ ಬರುತ್ತವೆ. ಒಟ್ಟು ಎರಡು ಗೆರೆಯಷ್ಟು ಉದ್ದ ಕಡಿಮೆಯಾಗಿ ತಂತಿ ಬಿಗಿಯಾಗುತ್ತದೆ. ಎರಡೂ ಕಡೆ ಬಲಗೆರೆಯೇ ಇದ್ದಿದ್ದರೆ ಒಂದು ತಿರುಪು ಒಳಗೆ ಬರುವಾಗ ಇನ್ನೊಂದು ಹೊರಗೆ ಹೋಗುತ್ತಿತ್ತು. ಲಾಭ ಸೊನ್ನೆ! ವಿಮಾನಕ್ಕೆ ಬಳಸುವ ಟರ್ನ್‌ಬಕಲ್‌ನ ಕೊಳವೆ ಸಾಮಾನ್ಯವಾಗಿ ಹಿತ್ತಾಳೆಯದು, ತಿರುಪುಗಳು ಉಕ್ಕಿನವು. ಎಡಗೆರೆ ಯಾವ ತುದಿಗಿದೆ ಎಂದು ಗೊತ್ತಾಗಲು ಕೊಳವೆಯ ಆ ತುದಿಯ ಸುತ್ತ ಒಂದು ಗೀರು ಹಾಕಿರುತ್ತಾರೆ.

ಸೇತುವೆಯಿಂದ ರೆಕ್ಕೆಗೆ

ವಿಮಾನಕ್ಕೆ ತಂತಿ ಯಾಕೆ ಬೇಕಾಯಿತು? ಇದಕ್ಕೆ ಉತ್ತರ ಒಬ್ಬ ಸೇತುವೆ ಎಂಜಿನಿಯರನ ಬಳಿ ಇದೆ. ಆಕ್ಟೇವ್ ಶನೂಟ್ 1832ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋದವರು. ಕಾನ್ಸಾಸ್ ಸಿಟಿಯಲ್ಲಿ ಮಿಸ್ಸೂರಿ ನದಿಗೆ 1869ರಲ್ಲಿ ತೆರೆದ ಮೊದಲ ಸೇತುವೆ ಅವರ ನೇತೃತ್ವದಲ್ಲಿ ಆದದ್ದು. ಇಳಿವಯಸ್ಸಿನಲ್ಲಿ ಅವರಿಗೆ ಹಾರಾಟದ ಹುಚ್ಚು ಹಿಡಿಯಿತು. 1896ರಲ್ಲಿ ಮಿಷಿಗನ್ ಸರೋವರದ ದಂಡೆಯ ಮರಳುದಿಬ್ಬಗಳಲ್ಲಿ ಅವರ ತಂಡ ಎಂಜಿನ್ ಇಲ್ಲದ ಗ್ಲೈಡರುಗಳನ್ನು ಹಾರಿಸಿತು. ಅವುಗಳಲ್ಲಿ ಒಂದಕ್ಕೆ ಒಂದರ ಮೇಲೊಂದು ಎರಡು ರೆಕ್ಕೆ. ನಡುವೆ ನೇರ ಕಡ್ಡಿಗಳು, ಕಡ್ಡಿಗಳ ನಡುವೆ ಓರೆಯಾಗಿ ತಂತಿಗಳು. ಪ್ರ್ಯಾಟ್ ಟ್ರಸ್ ಎಂಬ ಸೇತುವೆಯ ಚೌಕಟ್ಟನ್ನೇ ಅವರು ರೆಕ್ಕೆಗೆ ತಂದಿದ್ದರು.

ನಾಲ್ಕು ಕಡ್ಡಿಗಳ ತುದಿಗಳನ್ನು ದಾರದಿಂದ ಕಟ್ಟಿ ಚೌಕ ಮಾಡಿ. ಒಂದು ಮೂಲೆಯನ್ನು ದೂಡಿದರೆ ಅದು ಓರೆಯಾಗಿ ಮಡಚಿಕೊಳ್ಳುತ್ತದೆ. ಈಗ ಎದುರುಬದುರಿನ ಮೂಲೆಗಳಿಗೆ ಗುಣಾಕಾರ ಚಿಹ್ನೆಯಂತೆ ಎರಡು ದಾರ ಬಿಗಿಯಾಗಿ ಕಟ್ಟಿ ದೂಡಿ ನೋಡಿ. ಚೌಕ ಅಲುಗುವುದಿಲ್ಲ. ದಾರವೇ ಇರಲಿ, ತಂತಿಯೇ ಇರಲಿ, ಅದು ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದಲೇ ಎರಡು ಬೇಕು. ಬೈಪ್ಲೇನ್ ಎಂಬ ಎರಡಂತಸ್ತಿನ ವಿಮಾನ ಗಟ್ಟಿಯಾಗಿ ನಿಂತದ್ದು ಈ ಸರಳ ಲೆಕ್ಕದ ಮೇಲೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗದಂತೆ ಹಿಡಿಯುವ ತಂತಿಗಳಿಗೆ ಹಾರಾಟದ ತಂತಿಗಳೆಂದೂ, ನೆಲದ ಮೇಲಿದ್ದಾಗ ಕೆಳಕ್ಕೆ ಜೋಲದಂತೆ ಹಿಡಿಯುವ ತಂತಿಗಳಿಗೆ ಇಳಿಯುವ ತಂತಿಗಳೆಂದೂ ಹೆಸರಾಯಿತು.

ಸೈಕಲ್ ಅಂಗಡಿಯ ಪಾಠ

ಶನೂಟರ ಜೊತೆ ಪತ್ರವ್ಯವಹಾರ ಇಟ್ಟುಕೊಂಡು ಇದನ್ನು ಕಲಿತವರು ಡೇಟನ್ ಊರಿನ ಸೈಕಲ್ ವ್ಯಾಪಾರಿಗಳಾದ ವಿಲ್ಬರ್ ರೈಟ್ ಮತ್ತು ಆರ್ವಿಲ್ ರೈಟ್. ಎಡಗೆರೆ, ಬಲಗೆರೆಗಳ ಮಹತ್ವ ಅವರಿಗೆ ಅಂಗಡಿಯಲ್ಲೇ ಗೊತ್ತಾಗಿತ್ತು. ಸೈಕಲ್ಲಿನ ಎರಡೂ ಪೆಡಲುಗಳಿಗೆ ಬಲಗೆರೆಯ ತಿರುಪು ಇದ್ದರೆ, ತುಳಿಯುತ್ತಾ ಹೋದಂತೆ ಎಡಗಡೆಯ ಪೆಡಲು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. 1900ರ ಸುಮಾರಿಗೆ ರೈಟ್ ಸಹೋದರರು ತಾವು ತಯಾರಿಸುವ ಸೈಕಲ್ಲಿನ ಎಡ ಪೆಡಲಿಗೆ ಎಡಗೆರೆ ಕೊಟ್ಟು, ಇದು ಬಿಚ್ಚಿಕೊಳ್ಳದ ಪೆಡಲು ಎಂದು ಪ್ರಚಾರ ಮಾಡಿದರು. ಇಂದಿಗೂ ನಿಮ್ಮ ಸೈಕಲ್ಲಿನ ಎಡ ಪೆಡಲು ಉಲ್ಟಾ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ. ತಿರುಪು ಹಿಡಿದು ನಿಲ್ಲಬೇಕಾದರೆ ಅದರ ಮೇಲೆ ಬೀಳುವ ಅಲುಗಾಟ ಯಾವ ದಿಕ್ಕಿನದು ಎಂದು ಮೊದಲು ಯೋಚಿಸಬೇಕು ಎಂಬುದು ಅದರ ಪಾಠ.

ತಮ್ಮ ಗ್ಲೈಡರಿನಲ್ಲಿ ಎರಡು ತಂತಿಗಳನ್ನು ಗಿಡ್ಡ ಮಾಡಿದರೆ ಉಳಿದವೆಲ್ಲ ಒಟ್ಟಿಗೆ ಬಿಗಿಯಾಗುವಂತೆ ಅವರು ಜೋಡಿಸಿದ್ದರು. 1903ರ ಡಿಸೆಂಬರ್ 17ರಂದು ಕಿಟ್ಟಿ ಹಾಕ್ ಬಳಿ ಎಂಜಿನ್ ಸಹಿತ ಹಾರಿದ ಅವರ ವಿಮಾನವೂ ತಂತಿಗಳಿಂದ ಬಿಗಿದ ಬೈಪ್ಲೇನೇ. ಆದರೆ ಎಂಜಿನ್ ಬಂದದ್ದೇ ಹೊಸ ಸಮಸ್ಯೆ ಹುಟ್ಟಿತು. ಎಂಜಿನ್ ನಡುಗುತ್ತದೆ, ಅದರೊಡನೆ ಇಡೀ ವಿಮಾನ ನಡುಗುತ್ತದೆ. ನಡುಗುವ ಯಂತ್ರದಲ್ಲಿ ಯಾವ ತಿರುಪೂ ತಾನಾಗಿ ನಿಲ್ಲುವುದಿಲ್ಲ. ಹಿಟ್ಟಿನ ಗಿರಣಿಯ ನಟ್ಟುಗಳು ಸಡಿಲಾಗುವುದನ್ನು ನಾವು ಕಂಡಿದ್ದೇವೆ. ಗಿರಣಿಯಲ್ಲಿ ಮತ್ತೆ ಬಿಗಿದುಕೊಳ್ಳಬಹುದು. ಸಾವಿರ ಅಡಿ ಎತ್ತರದಲ್ಲಿ ಸ್ಪಾನರ್ ಹಿಡಿದು ರೆಕ್ಕೆಯ ಮೇಲೆ ಹತ್ತುವವರು ಯಾರು?

1912ರ ಸೆಪ್ಟೆಂಬರ್ 10

ಆ ವರ್ಷ ಬ್ರಿಟನ್ನಿನ ಸೇನೆಯಲ್ಲಿ ರಾಯಲ್ ಫ್ಲೈಯಿಂಗ್ ಕಾರ್ಪ್ಸ್ ಎಂಬ ವಿಮಾನದಳ ಹೊಸದಾಗಿ ಹುಟ್ಟಿತ್ತು. ಸೆಪ್ಟೆಂಬರ್ 10ರಂದು ಲೆಫ್ಟಿನೆಂಟ್ ಎಡ್ವರ್ಡ್ ಹಾಚ್‌ಕಿಸ್ ಮತ್ತು ಕ್ಲಾಡ್ ಬೆಟಿಂಗ್ಟನ್ ಒಂದೇ ರೆಕ್ಕೆಯ ಬ್ರಿಸ್ಟಲ್-ಕೊವಾಂಡ ವಿಮಾನದಲ್ಲಿ ಹೊರಟರು. ಆಕ್ಸ್‌ಫರ್ಡ್ ಬಳಿಯ ವುಲ್ವರ್‌ಕೋಟ್ ಎಂಬಲ್ಲಿ ವಿಮಾನ ನೆಲಕ್ಕೆ ಬಿದ್ದು ಇಬ್ಬರೂ ತೀರಿಕೊಂಡರು. ಎಂಜಿನ್ ಕೈಕೊಟ್ಟಿರಲಿಲ್ಲ, ರೆಕ್ಕೆಯ ಮರ ಮುರಿದು ಶುರುವಾದ ಅಪಘಾತವೂ ಅದಾಗಿರಲಿಲ್ಲ. ಬೇಗ ಬಿಚ್ಚಿ ಜೋಡಿಸಲು ಅನುಕೂಲವಾಗಲೆಂದು ಇಟ್ಟಿದ್ದ ಒಂದು ಕೊಂಡಿ ಹಾರುವಾಗಲೇ ತಾನಾಗಿ ತೆರೆದುಕೊಂಡಿತ್ತು. ಬಿಡುಗಡೆಯಾದ ಪಟ್ಟಿ ಬಲರೆಕ್ಕೆಯ ಬಟ್ಟೆಯನ್ನು ಹರಿದಿತ್ತು.

ಇದಕ್ಕೆ ನಾಲ್ಕು ದಿನ ಮುಂಚೆ ಇನ್ನೊಂದು ಒಂಟಿರೆಕ್ಕೆಯ ವಿಮಾನ ಗ್ರೇವ್ಲಿ ಎಂಬಲ್ಲಿ ಬಿದ್ದು ಇಬ್ಬರು ಅಧಿಕಾರಿಗಳು ಸತ್ತಿದ್ದರು. ಸೇನೆ ತನ್ನ ವಿಮಾನದಳಕ್ಕೆ ಒಂಟಿರೆಕ್ಕೆಯ ವಿಮಾನಗಳನ್ನೇ ನಿಷೇಧಿಸಿತು. ಫ್ರಾನ್ಸಿನಲ್ಲಿ ಅದೇ ವರ್ಷದ ಆರಂಭದಲ್ಲಿ ಸ್ವತಃ ಲೂಯಿ ಬ್ಲೆರಿಯೊ, ಅಂದರೆ 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಹಾರಿ ದಾಟಿದವರು, ರೆಕ್ಕೆಯ ಮೇಲ್ಭಾಗದ ತಂತಿಗಳು ಇನ್ನೂ ಗಟ್ಟಿಯಾಗಬೇಕೆಂದು ಸೇನೆಗೆ ವರದಿ ಕೊಟ್ಟಿದ್ದರು. ತನ್ನದೇ ವಿಮಾನದ ಕೊರತೆಯನ್ನು ತಾನೇ ಬರೆದು ಕೊಡಲು ಎಂಥ ಪ್ರಾಮಾಣಿಕತೆ ಬೇಕು, ಯೋಚಿಸಿ! ಬ್ರಿಟನ್ನಿನ ತನಿಖಾ ಸಮಿತಿಯೂ ಒಂಟಿರೆಕ್ಕೆ ಎಂಬುದೇ ದೋಷವಲ್ಲ ಎಂಬ ತೀರ್ಮಾನಕ್ಕೆ ಬಂತು. ನಿಷೇಧ 1913ರಲ್ಲಿ ತೆರವಾಯಿತು. ಮುಂದಿನ ವರ್ಷಗಳ ಯುದ್ಧವಿಮಾನಗಳಲ್ಲಿ ಮುಖ್ಯವಾದ ಹಾರಾಟದ ತಂತಿಗಳನ್ನು ಜೋಡಿಯಾಗಿ ಹಾಕುವ ರೂಢಿ ಬಂತು. ಒಂದು ಹೋದರೆ ಇನ್ನೊಂದು ಹಿಡಿಯಲಿ ಎಂದು.

ಬೀಗ ಹಾಕುವ ಬಗೆಗಳು

ಹೀಗೆ ಟರ್ನ್‌ಬಕಲ್‌ಗೆ ಬೀಗ ಕಡ್ಡಾಯವಾಯಿತು. ಅತ್ಯಂತ ಸರಳವಾದ ಬೀಗ ಒಂದು ಮೆದು ತಂತಿ. ಕೊಳವೆಯ ನಡುವೆ ಒಂದು ರಂಧ್ರ ಇರುತ್ತದೆ. ಅದರೊಳಗೆ ತಂತಿಯನ್ನು ತೂರಿಸಿ, ಎರಡೂ ತುದಿಗಳ ಉಂಗುರಗಳ ಮೂಲಕ ಎಳೆದು, ತಿರುಪಿನ ಕುತ್ತಿಗೆಗೆ ಬಿಗಿಯಾಗಿ ಸುತ್ತುತ್ತಾರೆ. ಕೊಳವೆ ತಿರುಗಬೇಕಾದರೆ ಈ ತಂತಿ ಹರಿಯಬೇಕು. ಒಮ್ಮೆ ಬಿಚ್ಚಿದ ಬೀಗತಂತಿಯನ್ನು ಮತ್ತೆ ಬಳಸುವಂತಿಲ್ಲ, ಪ್ರತಿಸಲವೂ ಹೊಸ ತಂತಿಯೇ ಬೇಕು. ಒಮ್ಮೆ ಬಾಗಿದ ಲೋಹ ದುರ್ಬಲವಾಗಿರುತ್ತದಲ್ಲವೇ?

ಎರಡನೆಯ ಬಗೆ ಚೆಕ್ ನಟ್. ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ ಎಂಬ ಬ್ರಿಟಿಷ್ ಸರಕಾರಿ ಕಾರ್ಖಾನೆ 1914ರ ಸುಮಾರಿಗೆ ಚಪ್ಪಟೆಯಾದ ಹೊಸ ಬಗೆಯ ತಂತಿಯನ್ನು ರೂಪಿಸಿತು. ಕಾರ್ಖಾನೆಯ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ರಾಫ್‌ವೈರ್ ಎಂದು ಹೆಸರಾಯಿತು. ದುಂಡು ತಂತಿಗೆ ಗಾಳಿಯ ತಡೆ ಬಹಳ. ರಾಫ್‌ವೈರಿನ ಅಡ್ಡಕೊಯ್ತ ಮಸೂರದಂತೆ ಇರುವುದರಿಂದ ಗಾಳಿ ಸುಲಭವಾಗಿ ಜಾರಿ ಹೋಗುತ್ತದೆ. ಇಲ್ಲಿ ಪ್ರತ್ಯೇಕ ಟರ್ನ್‌ಬಕಲ್ ಬೇಕಿರಲಿಲ್ಲ. ತಂತಿಯ ಒಂದು ತುದಿಗೆ ಎಡಗೆರೆ, ಇನ್ನೊಂದಕ್ಕೆ ಬಲಗೆರೆ ಕೊರೆದು, ಇಡೀ ತಂತಿಯನ್ನೇ ತಿರುಗಿಸಿ ಬಿಗಿದು, ತುದಿಗಳಲ್ಲಿ ಚೆಕ್ ನಟ್ ಹಾಕಿ ನಿಲ್ಲಿಸುತ್ತಿದ್ದರು. ಮೂರನೆಯ ಬಗೆ ಆಮೇಲೆ ಬಂದದ್ದು. ಕೊಳವೆಯಲ್ಲೂ ತಿರುಪಿನಲ್ಲೂ ಉದ್ದುದ್ದ ಗಾಡಿ ಕೊರೆದು, ಎರಡು ಗಾಡಿಗಳು ಎದುರುಬದುರಾದಾಗ ಒಂದು ಸ್ಪ್ರಿಂಗ್ ಕ್ಲಿಪ್ ತೂರಿಸುವುದು. ಸಣ್ಣ ವಿಮಾನಗಳಲ್ಲಿ ಇಂದಿಗೂ ಇದು ಸಾಮಾನ್ಯ.

ಬೀಗಕ್ಕೆ ಮುಂಚೆ ಇನ್ನೊಂದು ಪರೀಕ್ಷೆ ಇದೆ. ತಿರುಪು ಸಾಕಷ್ಟು ಒಳಗೆ ಹೋಗಿದೆಯೇ? ಕೊಳವೆಯ ಹೊರಗೆ ಮೂರಕ್ಕಿಂತ ಹೆಚ್ಚು ಗೆರೆ ಕಾಣಬಾರದು ಎಂಬುದು ಅಮೆರಿಕದ ನಿಯಮ. ಬ್ರಿಟಿಷ್ ಮಾದರಿಯಲ್ಲಿ ಕೊಳವೆಗೆ ಒಂದು ಸಣ್ಣ ತಪಾಸಣಾ ರಂಧ್ರ ಇರುತ್ತದೆ. ಅದರೊಳಗೆ ತೆಳು ಕಡ್ಡಿ ಆಚೆಗೆ ದಾಟಿತೆಂದರೆ ತಿರುಪು ಅಲ್ಲಿಯವರೆಗೆ ಬಂದಿಲ್ಲ, ಕೆಲಸ ಸರಿಯಿಲ್ಲ ಎಂದರ್ಥ. ಮಾಡಿದ ಕೆಲಸವನ್ನು ಇನ್ನೊಬ್ಬರು ಬಂದು ಪರೀಕ್ಷಿಸಲೆಂದೇ ಕೊರೆದಿಟ್ಟ ರಂಧ್ರವದು!

ಈ ಕೆಲಸ ಮಾಡುವವರನ್ನು ರಿಗ್ಗರ್ ಎಂದು ಕರೆಯುತ್ತಿದ್ದರು. ಹಾಯಿಹಡಗಿನ ಹಗ್ಗ ಬಿಗಿಯುವವರಿಗೆ ಇದ್ದ ಹೆಸರು ಅದು. ದಾರ, ತೂಕದ ಗುಂಡು, ನೇರ ಹಲಗೆ, ರಸಮಟ್ಟ ಹಿಡಿದು ಅವರು ರೆಕ್ಕೆಯ ಓರೆಯನ್ನು ಅಳೆಯುತ್ತಿದ್ದರು. ಒಂದು ತಂತಿ ಹೆಚ್ಚು ಬಿಗಿಯಾದರೆ ರೆಕ್ಕೆ ತಿರುಚಿಕೊಂಡು ವಿಮಾನ ಒಂದೇ ಕಡೆಗೆ ವಾಲುತ್ತಿತ್ತು. ಪದಕಗಳು ಹಾರಿದವರ ಎದೆಗೇರಿದವು. ಅವರು ತಿರುಗಿ ಬಂದದ್ದು ರಿಗ್ಗರುಗಳ ಬೆರಳುಗಳ ದಯೆಯಿಂದ.

ತಂತಿ ಮರೆಯಾಯಿತು, ಟರ್ನ್‌ಬಕಲ್ ಉಳಿಯಿತು

1915ರ ಡಿಸೆಂಬರಿನಲ್ಲಿ ಜರ್ಮನಿಯ ಹ್ಯೂಗೊ ಯುಂಕರ್ಸ್ ಅವರ ಸಂಪೂರ್ಣ ಲೋಹದ ವಿಮಾನ ಹಾರಿತು. ಅದರ ರೆಕ್ಕೆಗೆ ಹೊರಗಿನ ತಂತಿಯ ಆಸರೆ ಬೇಕಿರಲಿಲ್ಲ. ನಂತರದ ಎರಡು ದಶಕಗಳಲ್ಲಿ ತಂತಿಗಳು ಒಂದೊಂದಾಗಿ ಮರೆಯಾದವು. ನಮ್ಮ ದೇಶದಲ್ಲೂ ಈ ಬದಲಾವಣೆಯ ಗುರುತು ಕಾಣುತ್ತದೆ. 1933ರಲ್ಲಿ ಭಾರತೀಯ ವಾಯುಪಡೆಯ ಮೊದಲ ದಳ ಶುರುವಾದದ್ದು ತಂತಿ ಬಿಗಿದ ನಾಲ್ಕು ವಾಪಿಟಿ ಬೈಪ್ಲೇನುಗಳಿಂದ. ಆಮೇಲೆ ನಮ್ಮ ವೈಮಾನಿಕರು ಹಾರಲು ಕಲಿತ ಟೈಗರ್ ಮಾತ್ ಕೂಡ ತಂತಿಯ ಬೈಪ್ಲೇನೇ. ನಮ್ಮ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ಡಾ. ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿ, ಮುಂದೆ ಟೈಗರ್ ಮಾತ್‌ನ ಜಾಗಕ್ಕೆ ಬಂತು. ಅದರ ರೆಕ್ಕೆ ಒಂದೇ, ಹೊರಗೆ ಬಿಗಿತದ ತಂತಿಗಳಿಲ್ಲ.

ಆದರೂ ಟರ್ನ್‌ಬಕಲ್ ಮಾಯವಾಗಲಿಲ್ಲ, ಒಳಗೆ ಹೋಯಿತು. ಚಾಲಕ ಹಿಡಿದ ಹಿಡಿಕೆಯಿಂದ ಬಾಲದ ಪಟ್ಟಿಗಳವರೆಗೆ ಹೋಗುವ ಉಕ್ಕಿನ ಕೇಬಲ್ಲುಗಳನ್ನು ಬಿಗಿಯುವುದು ಅದೇ. ಅಲ್ಲಿ ಅದರ ಜವಾಬ್ದಾರಿ ಇನ್ನೂ ಹೆಚ್ಚು. 2003ರ ಜನವರಿ 8ರಂದು ಅಮೆರಿಕದ ಶಾರ್ಲಟ್ ವಿಮಾನ ನಿಲ್ದಾಣದಿಂದ ಮೇಲೇರಿದ ಏರ್ ಮಿಡ್‌ವೆಸ್ಟ್ ಸಂಸ್ಥೆಯ ಬೀಚ್ 1900ಡಿ ವಿಮಾನ ಮೂತಿಯನ್ನು ಅತಿಯಾಗಿ ಎತ್ತಿ ನೆಲಕ್ಕೆ ಬಿತ್ತು. ಒಳಗಿದ್ದ 21 ಮಂದಿಯೂ ಸತ್ತರು. ಕೆಲವೇ ದಿನ ಹಿಂದೆ ಕೇಬಲ್ ಬಿಗಿ ಮಾಡುವಾಗ ಟರ್ನ್‌ಬಕಲ್‌ಗಳನ್ನು ತಪ್ಪಾಗಿ ಹೊಂದಿಸಿದ್ದರಿಂದ, ಮೂತಿಯನ್ನು ಕೆಳಗಿಳಿಸುವ ಬಾಲದ ಪಟ್ಟಿ ಅರ್ಧದಷ್ಟು ಮಾತ್ರ ಚಲಿಸುತ್ತಿತ್ತು ಎಂದು ತನಿಖೆಯಲ್ಲಿ ತಿಳಿಯಿತು. ಕೈಪಿಡಿಯ ಕೆಲವು ಹಂತಗಳನ್ನು ಬಿಟ್ಟಿದ್ದರು, ಕೊನೆಯ ಪರೀಕ್ಷೆಯನ್ನೂ ಪೂರ್ಣ ಮಾಡಿರಲಿಲ್ಲ. ಅದಾದ ಮೇಲೂ ಕೆಲವು ಹಾರಾಟಗಳು ಏನೂ ಆಗದೆ ನಡೆದಿದ್ದವು. ಆ ದಿನ ಹಿಂಭಾಗಕ್ಕೆ ಭಾರ ಹೆಚ್ಚಾದಾಗ ತಪ್ಪು ಹೊರಬಿತ್ತು.

ಇಲ್ಲಿ ತಿರುಪು ಸಡಿಲಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಬೀಗಕ್ಕೆ ಸರಿ-ತಪ್ಪು ಗೊತ್ತಿಲ್ಲ. ಸರಿಯಾಗಿ ಬಿಗಿದದ್ದನ್ನು ಅದು ಸರಿಯಾಗಿಯೇ ಕಾಯುತ್ತದೆ, ತಪ್ಪಾಗಿ ಬಿಗಿದದ್ದನ್ನು ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಹಾಗಾಗಿ ವಿಮಾನದ ಚಾಲನಾ ವ್ಯವಸ್ಥೆಗೆ ಕೈ ಹಾಕಿದಾಗ, ಕೆಲಸ ಮಾಡಿದವರನ್ನು ಬಿಟ್ಟು ಬೇರೊಬ್ಬರು ಹೊಸದಾಗಿ ಪರೀಕ್ಷಿಸಿ ಸಹಿ ಹಾಕುವ ಪದ್ಧತಿ ಇದೆ. ಎರಡನೆಯ ಜೋಡಿ ಕಣ್ಣು ಬಂದರೆ ಮೊದಲನೆಯವರ ಮೇಲೆ ಅಪನಂಬಿಕೆ ಎಂದು ಅಲ್ಲಿ ಯಾರೂ ಭಾವಿಸುವುದಿಲ್ಲ.

ಶಿಕ್ಷಕ ಬಂಧುಗಳೇ, ಎಂಟು-ಒಂಬತ್ತನೆಯ ತರಗತಿಯಲ್ಲಿ ಬಲ ಮತ್ತು ಸರಳ ಯಂತ್ರಗಳ ಪಾಠ ಬಂದಾಗ ನಾಲ್ಕು ಕಡ್ಡಿ, ದಾರದ ಪ್ರಯೋಗವನ್ನು ಮಾಡಿಸಿ. ಸೈಕಲ್ ರಿಪೇರಿಯವರನ್ನು ಕರೆದು ಎಡ, ಬಲ ಪೆಡಲುಗಳ ತಿರುಪನ್ನು ತೋರಿಸಿ. ಗಣಿತದ ಲೆಕ್ಕ ಮುಗಿಸಿದ ಮಕ್ಕಳಿಗೆ ಪಕ್ಕದವರ ಪುಸ್ತಕ ಕೊಟ್ಟು ಹಂತ ಹಂತವಾಗಿ ಪರಿಶೀಲಿಸಲು ಹೇಳಿ. ಯಾವ ಹಂತ ಬಿಟ್ಟುಹೋಗಿದೆ ಎಂದು ಹುಡುಕುವ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.