ಮೂರು ತಿಂಗಳ ಸೈರಣೆ

ಕ್ರಿ. ಶ. 1848ನೆಯ ಇಸವಿ ಫೆಬ್ರವರಿ 24ರಂದು ಫ್ರಾನ್ಸಿನ ದೊರೆ ಲೂಯಿ ಫಿಲಿಪ್ಪನು ಸಿಂಹಾಸನವನ್ನು ತ್ಯಜಿಸಲು, ಪ್ಯಾರಿಸ್ ನಗರದಲ್ಲಿ ಪ್ರಜಾರಾಜ್ಯವು ಘೋಷಿತವಾಯಿತು. ಮರುದಿನವೇ ಮಾರ್ಷ್ ಎಂಬ ಕೂಲಿಕಾರನು ಕೋವಿಯೊಡನೆ ಪುರಭವನವನ್ನು ಹೊಕ್ಕು, ದುಡಿಯುವವನಿಗೆ ಕೆಲಸವು ಹಕ್ಕಾಗಬೇಕೆಂದು ಕೇಳಿದನು. ಮುಖಂಡನಾದ ಲೂಯಿ ಬ್ಲಾಂ ಅಲ್ಲಿಯೇ ಶಾಸನವನ್ನು ಬರೆದನು. ಸಮಸ್ತ ಪ್ರಜೆಗಳಿಗೂ ಕೆಲಸವನ್ನು ಒದಗಿಸುವುದಾಗಿ ಸರ್ಕಾರವು ವಾಗ್ದಾನವಿತ್ತಿತು. ಕೂಲಿಕಾರರು ಸಂತುಷ್ಟರಾಗಿ, ಪ್ರಜಾರಾಜ್ಯದ ಸಲುವಾಗಿ ಮೂರು ತಿಂಗಳ ಬಡತನವನ್ನು ಸಹಿಸುವೆವೆಂದರು.

ರಾಷ್ಟ್ರೀಯ ಕರ್ಮಶಾಲೆಗಳೇನೋ ತೆರೆದುವು. ಆದರೆ ಅವುಗಳ ಆಡಳಿತವು ಬ್ಲಾಂನ ಮತವನ್ನೊಪ್ಪದವರ ಕೈಸೇರಿತು. ಜೂನ್ ವೇಳೆಗೆ ಅಲ್ಲಿ ಸೇರಿದವರ ಸಂಖ್ಯೆಯು ಲಕ್ಷವನ್ನು ಮೀರಿತು. ನುರಿತ ಬಡಗಿಯೂ ದರ್ಜಿಯೂ ಮಣ್ಣನ್ನು ಅಗೆಯಬೇಕಾಯಿತು. ದಿನಗೂಲಿ 2 ಫ್ರಾಂಕು, ಕೆಲಸವಿಲ್ಲದ ದಿನ ಅದಕ್ಕೂ ಕಡಮೆ. ಇತ್ತ ಮಾರ್ಚ್ ತಿಂಗಳಲ್ಲಿ ತೆರಿಗೆಯ ಫ್ರಾಂಕೊಂದಕ್ಕೆ 45 ಸಾಂತೀಮು ಹೆಚ್ಚಿಸಲ್ಪಡಲು, ಹಳ್ಳಿಯ ರೈತನು ಪಟ್ಟಣದ ಕೂಲಿಕಾರನನ್ನೇ ಶಪಿಸಿದನು.

ಮೂರು ತಿಂಗಳು ಕಳೆದು ನಾಲ್ಕನೆಯದು ನಡೆಯುತ್ತಿರಲು, ಜೂನ್ 21ರಂದು, 18ರಿಂದ 25 ವರ್ಷದ ಅವಿವಾಹಿತ ತರುಣರು ಸೈನ್ಯವನ್ನು ಸೇರತಕ್ಕದ್ದೆಂದೂ ಉಳಿದವರು ಹೊರಪ್ರಾಂತಗಳಿಗೆ ತೆರಳಲು ಸಿದ್ಧರಾಗತಕ್ಕದ್ದೆಂದೂ ಅಪ್ಪಣೆಯಾಯಿತು. 23ರಂದು ಬೀದಿಬೀದಿಗಳಲ್ಲಿ ಅಡ್ಡಗೋಡೆಗಳೆದ್ದುವು. 26ರೊಳಗೆ ಸೇನಾನಿ ಕವೆನ್ಯಾಕನು ದಂಗೆಯನ್ನಡಗಿಸಿದನು. ಸಾವಿರಾರು ಮಂದಿ ಮಡಿದರು.

ಹಸಿದವನ ತಾಳ್ಮೆಯು ರಾಜ್ಯಕ್ಕೆ ಅವನು ಕೊಟ್ಟ ಸಾಲವೇ ಸರಿ. ಪ್ಯಾರಿಸಿನ ಸರ್ಕಾರವು ಅದನ್ನು ತೀರಿಸದೆ, ಸಾಲ ಕೊಟ್ಟವನನ್ನೇ ದಂಡಿಸಿತು.